ಟೆಲಿ-ಮಾನಸ್ 14416: ಕಾಲೇಜು ವಿದ್ಯಾರ್ಥಿಗಳಿಗೆ ಎಲ್ಲಿಯವರೆಗೆ ಆಸರೆ?

ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್, ಮೊದಲ ಕರೆಗೆ ತಕ್ಕ ಸೇವೆ. ಆದರೆ ವಾರಕ್ಕೊಮ್ಮೆ ಒಬ್ಬರೇ ಆಪ್ತಸಮಾಲೋಚಕರ ಎದುರು ಕೂತು ಎರಡು ತಿಂಗಳು ಮಾತಾಡಬೇಕಾದಂಥ ತೊಂದರೆಗೆ ಅದೊಂದೇ ಸಾಲದು. ಈ ಗಡಿ ತಿಳಿಯದೆ ಕರೆ ಮಾಡಿದ ವಿದ್ಯಾರ್ಥಿಗಳು ಒಂದೇ ಮಾತುಕತೆಗೆ ‘ಏನೂ ಆಗಲಿಲ್ಲ’ ಎಂದು ಕೈಬಿಡುತ್ತಾರೆ. ಮುಂದಿನ ಬಾಗಿಲು ತಟ್ಟುವುದೇ ಇಲ್ಲ.

ಕೇಂದ್ರ ಸರ್ಕಾರ ಈ ಸೇವೆಯನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 14416 ಅಥವಾ 1800-891-4416, ಯಾವುದಕ್ಕೆ ಕರೆ ಮಾಡಿದರೂ ದುಡ್ಡಿಲ್ಲ, ಹಗಲು ರಾತ್ರಿ ಎಂಬ ಭೇದವಿಲ್ಲ. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಇದೆ. ಧ್ವನಿಮುದ್ರಿತ ಸೂಚನೆ ಭಾಷೆ ಕೇಳಿದಾಗ ಅವಸರದಲ್ಲಿ ಇಂಗ್ಲಿಷ್ ಒತ್ತಬೇಡಿ. ತರಗತಿಯಲ್ಲಿ ಇಂಗ್ಲಿಷ್ ನಡೆಸಿಕೊಂಡು ಹೋಗುವವರಿಗೂ ಅಳು ಬರುವ ಹೊತ್ತಿಗೆ ಅದು ಕೈಕೊಡುತ್ತದೆ.

ಮೊದಲು ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು, ವೈದ್ಯರಲ್ಲ. ಅಗತ್ಯ ಕಂಡರೆ ಅವರು ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ದಾಟಿಸುತ್ತಾರೆ. ಎದುರಾಬದುರು ನೋಡಲೇಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಕಳಿಸುತ್ತಾರೆ. ಕರೆಗೆ ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ಪಿಜಿಯ ಕಾರಿಡಾರ್‌ಗಿಂತ ತಾರಸಿಯ ಮೆಟ್ಟಿಲು, ಖಾಲಿ ತರಗತಿ ಅಥವಾ ಜನ ಕಡಿಮೆ ಇರುವ ಪಾರ್ಕಿನ ಬೆಂಚು ವಾಸಿ. ಯಾರಾದರೂ ಕೇಳಿಸಿಕೊಳ್ಳಬಹುದೆಂಬ ಭಯವಿದ್ದರೆ ಮುಖ್ಯವಾದ ಮಾತು ಗಂಟಲಲ್ಲೇ ಉಳಿಯುತ್ತದೆ.

ಅತಿ ಹೆಚ್ಚು ಎಡವಟ್ಟಾಗುವುದು ಒಂದು ಪದದಲ್ಲಿ: ‘ಬೇಜಾರು’. ಬಸ್ ತಪ್ಪಿದರೂ ನಮಗೆ ಬೇಜಾರು, ಪಾಠ ಬೋರಾದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಮೂರು ವಾರದಿಂದ ಹಾಸಿಗೆ ಬಿಟ್ಟೇಳಲು ಆಗದಿದ್ದರೂ ಬೇಜಾರು. ಅತ್ತ ಕಡೆಯವರಿಗೆ ಇದರಲ್ಲಿ ಯಾವುದೆಂದು ತಿಳಿಯದಿದ್ದರೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕರೆ ಮುಗಿಸುವ ಸಾಧ್ಯತೆ ಇರುತ್ತದೆ. ಆದ್ದರಿಂದ ಕರೆಗೆ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಳ್ಳಿ: ಎಷ್ಟು ದಿನದಿಂದ ಹೀಗಿದೆ, ರಾತ್ರಿ ಎಷ್ಟು ಗಂಟೆ ನಿದ್ದೆ, ದಿನಕ್ಕೆ ಎಷ್ಟು ಹೊತ್ತು ಊಟ, ಈ ತಿಂಗಳು ಎಷ್ಟು ಕ್ಲಾಸ್ ತಪ್ಪಿತು, ಮದ್ಯ ಅಥವಾ ಗಾಂಜಾ ಇದೆಯೇ, ಮೊದಲು ಔಷಧ ತೆಗೆದುಕೊಂಡದ್ದುಂಟೆ. ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು, ಹೊಟ್ಟೆ ತೊಳಸುವುದು ಇದ್ದರೆ ಅದನ್ನೂ ಹೇಳಿ. ನಮ್ಮಲ್ಲಿ ಆತಂಕ ಬಹಳ ಸಲ ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲೇ ಓಡಾಡಿಕೊಂಡಿರುತ್ತದೆ. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿ, ಓದು, ಊಟ, ನಿದ್ದೆ ಎಲ್ಲ ಕೆಟ್ಟಿದ್ದರೆ ಆ ಮಾತನ್ನೇ ಮೊದಲು ಹೇಳಿ.

ಸಾಯುವ ಯೋಚನೆ ಬಂದಿದ್ದರೆ ಬಳಸಿ ಹೇಳದೆ ನೇರವಾಗಿ ಹೇಳಿ. ಅವರು ಅದನ್ನು ಕೇಳಲೆಂದೇ ಕೂತಿದ್ದಾರೆ. ಪ್ರಾಣಕ್ಕೆ ಆ ಕ್ಷಣವೇ ಅಪಾಯವಿದ್ದರೆ ಕಾಯದೆ 112 ಅಥವಾ 108ಕ್ಕೆ ಕರೆ ಮಾಡಿ, ಪಕ್ಕದ ಕೋಣೆಯವರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಪಾಯದಲ್ಲಿರುವವರನ್ನು ಜೊತೆಗಿರುವವರು ಒಂಟಿಯಾಗಿ ಬಿಡಬಾರದು. ಪೊಲೀಸ್ ಕೇಸ್ ಆಗುತ್ತದೆಂದು ಗೆಳೆಯರು ಹಿಂಜರಿಯುವುದು ಇಂದಿಗೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಸಲ್ಲಬೇಕಾದದ್ದು ಶಿಕ್ಷೆಯಲ್ಲ, ಆರೈಕೆ.

ಈ ಸೇವೆಯ ದೊಡ್ಡ ಕೊರತೆ ನಿರಂತರತೆ. ಎರಡನೇ ಸಲ ಕರೆ ಮಾಡಿದಾಗ ಹಿಂದಿನವರೇ ಸಿಗುತ್ತಾರೆಂಬ ಭರವಸೆ ಇಲ್ಲ. ಇಡೀ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವುದು ನೊಂದವರಿಗೆ ಸಣ್ಣ ಹೊರೆಯಲ್ಲ. ಆ ಚೀಟಿಯನ್ನು ಇಟ್ಟುಕೊಂಡಿರಿ, ಮೊದಲ ಕರೆಯಲ್ಲಿ ಏನು ಹೇಳಿದರೆಂಬುದನ್ನೂ ಅದರಲ್ಲಿ ಸೇರಿಸಿ. ಅವರೇ ಮತ್ತೆ ಕರೆ ಮಾಡುತ್ತೇವೆ ಎಂದಿದ್ದರೆ ಯಾವ ದಿನ, ಯಾವ ಹೊತ್ತು ಎಂದು ಕೇಳಿಕೊಳ್ಳಿ. ಇಲ್ಲವಾದರೆ ಗೊತ್ತಿಲ್ಲದ ನಂಬರ್ ಎಂದು ಕತ್ತರಿಸಿ, ಸಿಕ್ಕ ಎಳೆಯನ್ನೂ ಕಳೆದುಕೊಳ್ಳುತ್ತೀರಿ. ಹಾಜರಾತಿ ಕೊರತೆಗೆ ಪ್ರಮಾಣಪತ್ರ, ಮೊದಲ ಕರೆಯಲ್ಲೇ ನಿದ್ದೆ ಮಾತ್ರೆ, ಇವನ್ನು ನಿರೀಕ್ಷಿಸಬೇಡಿ. ಅದಕ್ಕೆ ವೈದ್ಯರನ್ನು ಕಾಣಲೇಬೇಕು.

ಮುಂದಿನ ಮೆಟ್ಟಿಲು ಬಹುತೇಕ ಜಿಲ್ಲಾಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ. ತಾಲ್ಲೂಕು ಕೇಂದ್ರದಲ್ಲಿ ಓದುವವರು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಾನಸಿಕ ಆರೋಗ್ಯ ಕ್ಲಿನಿಕ್ ಯಾವ ಮಂಗಳವಾರ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನಲ್ಲಿ ಆಸ್ಪತ್ರೆಯ ಗೇಟು ದಾಟಲು ಅಳುಕುವವರಿಗೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವಿದೆ. ಖಿನ್ನತೆಗೆ ಔಷಧ ಬರೆದುಕೊಟ್ಟರೆ ಅದರ ಗುಣ ಗೊತ್ತಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವಂಥ ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬರಬಹುದು. ಎಷ್ಟೋ ಜನ ಬಿಟ್ಟುಬಿಡುವುದು ಈ ನಡುವಿನ ದಿನಗಳಲ್ಲೇ. ತೊಂದರೆಯಾದರೆ ವೈದ್ಯರಿಗೆ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ.

ಕಾಲೇಜಿನಲ್ಲೇ ಆಪ್ತಸಮಾಲೋಚಕರಿದ್ದರೆ ನಿರಂತರತೆಯ ಕೊರತೆ ಅಲ್ಲಿ ತುಂಬಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರೊಬ್ಬರಾದರೂ ಇರಬೇಕೆಂದು ನಿರ್ದೇಶಿಸಿದೆ. ಆದರೆ ಇಪ್ಪತ್ತು ವಿದ್ಯಾರ್ಥಿಗಳಿಗೊಬ್ಬ ಅಧ್ಯಾಪಕರನ್ನು ‘ಮೆಂಟರ್’ ಮಾಡಿದ ಮಾತ್ರಕ್ಕೆ ಆ ಕೆಲಸ ಆದಂತಲ್ಲ. ಇಂಟರ್ನಲ್ ಅಂಕ ಹಾಕುವವರ ಮುಂದೆ ಯಾರೂ ಎದೆ ಬಿಚ್ಚುವುದಿಲ್ಲ. ಹೋಗುವ ಮುನ್ನ ಮೂರು ಸಂಗತಿ ಕೇಳಿ: ವಿದ್ಯಾರ್ಹತೆ ಏನು, ಭೇಟಿಗೆ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಸಹಿ ಬೇಕೆ, ಬರೆದುಕೊಂಡ ಟಿಪ್ಪಣಿ ಯಾರ ಕೈಗೆ ಹೋಗುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದು ತಪ್ಪಲ್ಲ. ಸಹಿ ಬೇಕೆಂದರೆ ಆ ಕೋಣೆಗೆ ಹೋದ ಸುದ್ದಿ ಸಂಜೆಯೊಳಗೆ ಸ್ಟಾಫ್ ರೂಮಿಗೆ ತಲುಪುತ್ತದೆ ಎಂದೇ ತಿಳಿಯಿರಿ.

ಗೋಪ್ಯತೆಯ ಹಕ್ಕು ಅದೇ 2017ರ ಕಾಯ್ದೆಯ 23ನೇ ಕಲಮಿನಲ್ಲಿದೆ. ಪ್ರಾಣಾಪಾಯ ಅಥವಾ ಇತರರಿಗೆ ಹಾನಿಯಾಗುವ ಸಂದರ್ಭದಂಥ ಕೆಲವು ವಿನಾಯಿತಿಗಳಿವೆ. ಹದಿನೆಂಟು ತುಂಬದ ಪಿಯುಸಿ ಮಕ್ಕಳ ಚಿಕಿತ್ಸೆಯ ವಿಷಯದಲ್ಲಿ ಪೋಷಕರು ಒಳಗೆ ಬರುತ್ತಾರೆ. ಮನೆಯವರಿಗೆ ಹೇಗೆ ಹೇಳುವುದೆಂಬುದನ್ನೇ ಮೊದಲ ಕರೆಯಲ್ಲಿ ಕೇಳಬಹುದು. ಅಂಥ ಪ್ರಶ್ನೆಗೆ ಫೋನ್ ಸಮಾಲೋಚನೆ ನಿಜಕ್ಕೂ ಒದಗುತ್ತದೆ.

ಹಾಸ್ಟೆಲ್, ತರಗತಿಗಳಲ್ಲಿ ಸಹಾಯವಾಣಿಯ ನಂಬರ್ ಎದ್ದು ಕಾಣುವಂತೆ ಹಾಕಬೇಕೆಂದೂ ಸುಪ್ರೀಂ ಕೋರ್ಟಿನ ಅದೇ ತೀರ್ಪು ಹೇಳುತ್ತದೆ. ವಾರ್ಡನ್‌ಗಳಲ್ಲಿ ಒಂದು ವಿನಂತಿ: ಮೆಸ್ಸಿನ ಗೋಡೆಯ ಜೊತೆಗೆ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಒಂದು ಹಾಳೆ ಅಂಟಿಸಿ. ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ 14416 ಬರೆದುಕೊಳ್ಳಬಹುದು.