ಹಾಯಿದೋಣಿಯ ಒಳಗೆ ಯಾವ ಹಲಗೆ? ಸಾಗವಾನಿ, ಮರೀನ್ ಪ್ಲೈ, ಡಬ್ಲ್ಯುಪಿಸಿ

ದೋಣಿ ಇರೋದು ಕಾರವಾರದಲ್ಲಿ, ಒಳಗಿನ ಮರಗೆಲಸ ನಡೆದದ್ದು ಹುಬ್ಬಳ್ಳಿಯಲ್ಲಿ. 20 ಅಡಿಯ ಸಣ್ಣ ಹಾಯಿದೋಣಿ. ಮಲಗಲು ಎರಡು ಬೆಂಚು, ಸ್ಟೋವ್ ಇಡಲು ಒಂದು ಕಟ್ಟೆ, ಕೆಳಗೆ ಒಂದಿಷ್ಟು ಕಪಾಟು, ಅಷ್ಟೇ. ಬಡಿಗೇರರು ಅಡುಗೆಮನೆ ಅಭ್ಯಾಸದಲ್ಲಿ 18 ಎಂಎಂ ಹಲಗೆ ಅಂದರು. ಅಷ್ಟು ಭಾರ ಹೇರಿದರೆ ಹಾಯಿ ಕಟ್ಟಿ ಏನು ಸುಖ? ಹಾಗಾಗಿ ಈ ಮೂರೂ ಹಲಗೆಗಳ, ಜೊತೆಗೆ ಸಾದಾ ಪ್ಲೈಯ ತುಂಡುಗಳನ್ನು ಬಕೆಟ್‌ನ ಉಪ್ಪುನೀರಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಹಾಕಿ ನೋಡಿದೆವು.

ಸಾಗವಾನಿಗೆ ಬಕೆಟ್ ನೀರು ಲೆಕ್ಕಕ್ಕೇ ಇಲ್ಲ. ಮರದಲ್ಲೇ ಎಣ್ಣೆ ಇದೆ. ಆ ಎಣ್ಣೆಯಿಂದಲೇ ಅಂಟು ಸರಿಯಾಗಿ ಹಿಡಿಯಲ್ಲ, ಮೊದಲು ಎಣ್ಣೆ ತೆಗೆಯುವ ಅಸಿಟೋನ್ ದ್ರಾವಕದಿಂದ ಒರೆಸಬೇಕು. ಸಾಗವಾನಿ ಸಿಗುವ ದಾಂಡೇಲಿ ಹತ್ತಿರವೇ ಇದ್ದರೂ ರೇಟು ಮಾತ್ರ ಹತ್ತಿರವಿಲ್ಲ!

ಮರೀನ್ ಪ್ಲೈ, ಅಂದರೆ ನೀರಿನ ಬಳಕೆಗೆಂದೇ ಮಾಡಿದ ಪ್ಲೈವುಡ್, ಇದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಳೆ ಮೇಲೆ ಐಎಸ್ 710 (ಮರೀನ್ ಪ್ಲೈಗಿರುವ ಭಾರತೀಯ ಮಾನಕ) ಮುದ್ರೆ ನೋಡಿಯೇ ತಗೊಳ್ಳಿ. ಇದರ ಪದರಗಳನ್ನು ಹಿಡಿದಿಡೋದು ಫಿನಾಲಿಕ್ ಅಂಟು, 72 ಗಂಟೆ ಕುದಿಸಿದರೂ ಬಿಡಬಾರದು ಅನ್ನೋದು ನಿಯಮ. ನಮ್ಮ ಬಕೆಟ್‌ನಲ್ಲಿ ಸಾದಾ ಪ್ಲೈ ಮೂಲೆಯಲ್ಲಿ ಬಾಯಿಬಿಟ್ಟಿತು, ಇದು ಬಿಡಲಿಲ್ಲ. ಆದರೆ ಗರಗಸ ಹಾಕಿದ ಅಂಚು ಕಪ್ಪಾಗಿ, ಬೆರಳಿಗೆ ಜುಂಗು ಜುಂಗು ಹತ್ತುತ್ತಿತ್ತು. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂತಾರಲ್ಲ, ಅದು ಅಂಟಿನ ಮಾತು, ಮರದ್ದಲ್ಲ. ನೀರು ಒಳಗೆ ಹೋಗೋದು ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ. ಅಂಚಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಕುಡಿಸಿದ ತುಂಡು ಹೊಸದರಂತೆಯೇ ಉಳಿಯಿತು. ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಸಣ್ಣ ತೂತು ಹಾಕಬೇಕು. ಬೇಸರದ ಕೆಲಸ, ಬಿಡುವಂತಿಲ್ಲ.

ಡಬ್ಲ್ಯುಪಿಸಿ ಅಂದರೆ ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ. ಇದು ನೀರು ಕುಡಿಯಲ್ಲ, ಗೆದ್ದಲು ಹಿಡಿಯಲ್ಲ, ನಿಜ. ಆದರೆ ಎರಡು ಕಡೆ ಆಸರೆ ಕೊಟ್ಟು ನಡುವೆ ಭಾರ ಇಟ್ಟರೆ ಬಾಗುತ್ತದೆ, ಬಿಸಿಲಲ್ಲಿ ಇನ್ನೂ ಜಾಸ್ತಿ. ಸ್ಕ್ರೂ ಬಿಚ್ಚಿ ಮತ್ತೆ ಹಾಕಿದರೆ ಸುಮ್ನೆ ತಿರುಗುತ್ತದೆ.

ಕೊನೆಗೆ ಬೆಂಚು, ಕಪಾಟಿಗೆ 9 ಎಂಎಂ ಮರೀನ್ ಪ್ಲೈ ಹಾಕಿ, ಅಡಿಯಲ್ಲಿ ಪಟ್ಟಿ ಕೊಟ್ಟೆವು. ಕೈ ಹಿಡಿಯುವ, ಕಾಲು ತಾಗುವ ಅಂಚಿಗೆಲ್ಲ ಸಾಗವಾನಿ ರೀಪು. ಒದ್ದೆ ಹಗ್ಗ ಇಡುವ ಪೆಟ್ಟಿಗೆಗೆ ಮಾತ್ರ ಡಬ್ಲ್ಯುಪಿಸಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ಉಪ್ಪುಗಾಳಿಗೆ 304 ದರ್ಜೆಯದು ಕಲೆಗಟ್ಟುತ್ತದೆ. ಕಪಾಟಿನ ಬಾಗಿಲಿಗೆ ಗಾಳಿಯಾಡಲು ತೂತು ಕೊರೆಸಿ. ಇಲ್ಲದಿದ್ದರೆ ಯಾವ ಹಲಗೆ ಹಾಕಿದರೂ ಕರಾವಳಿ ಮಳೆಗಾಲಕ್ಕೆ ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.