ಕಪ್ಪು ಟೀಶರ್ಟ್ ಮೇಲೆ ಬಿಳಿ: ಖಾದಿ, ಪ್ಲಾಸ್ಟಿಸಾಲ್, ಡಿಸ್ಚಾರ್ಜ್

ಕಪ್ಪು ಶಾಯಿ ನೂಲಿನೊಳಗೆ ಇಳಿದರೂ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಇಳಿದರೆ ಬೂದು ಬಣ್ಣವಾಗುತ್ತದೆ. ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಶಾಯಿ ಒತ್ತಿ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಿಗೆ ಬಿಳಿ ಇಷ್ಟು ಕಾಡುವುದು ಇದೇ ಕಾರಣಕ್ಕೆ. ಬಟ್ಟೆಯ ಬಣ್ಣವನ್ನು ಮರೆಮಾಡಲೆಂದು ಬಿಳಿ ಶಾಯಿಗೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಯಥೇಚ್ಛವಾಗಿ ತುಂಬಿರುತ್ತಾರೆ. ಆದ್ದರಿಂದ ಅದು ಮಂದವಾಗಿ, ಜಾಲರಿಯಿಂದ ಸಲೀಸಾಗಿ ಇಳಿಯದೆ ಸತಾಯಿಸುತ್ತದೆ.

ತಿರುಪ್ಪೂರಿನ ಒಂದೇ ಬಗೆಯ 180 ಜಿಎಸ್ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಕಪ್ಪು ಹತ್ತಿ ಟೀಶರ್ಟ್‌ಗಳ ಮೇಲೆ ಒಂದೇ ವಿನ್ಯಾಸವನ್ನು ಮೂರು ಬಗೆಯ ಬಿಳಿಯಲ್ಲಿ ಮುದ್ರಿಸಿ, ಮನೆಯ ವಾಷಿಂಗ್ ಮೆಷಿನ್‌ನಲ್ಲಿ ಒಗೆಯುತ್ತಾ ಬಂದಿದ್ದೇನೆ. ವಿನ್ಯಾಸದಲ್ಲಿ ಸಣ್ಣ ಗಾತ್ರದ ಒತ್ತಕ್ಷರಗಳನ್ನು ಬೇಕೆಂದೇ ಇಟ್ಟಿದ್ದೆ. ಇಂಗ್ಲಿಷಿನ ದಪ್ಪ ಅಕ್ಷರ ಯಾವ ಶಾಯಿಯಲ್ಲಾದರೂ ಪಾರಾಗುತ್ತದೆ. ಕನ್ನಡದ ಸುಳಿ, ಕೊಂಬು, ಒತ್ತುಗಳಲ್ಲೇ ಶಾಯಿಯ ಯೋಗ್ಯತೆ ತಿಳಿಯುವುದು.

ಪೇಟೆಯಲ್ಲಿ ಖಾದಿ ಎಂದು ಕರೆಯುವುದು ನೀರಿನಲ್ಲಿ ಕಲಸಿದ, ಬಟ್ಟೆಗೆ ಹಿಡಿದಿಡುವ ಅಂಟು (ಬೈಂಡರ್) ಇರುವ ಬಿಳಿ ಪೇಸ್ಟನ್ನು. ಮೂರರಲ್ಲಿ ಅಗ್ಗವಾದದ್ದು ಇದೇ. ಸ್ಕ್ರೀನ್ ತೊಳೆಯಲು ನೀರೇ ಸಾಕು. ವಿನ್ಯಾಸ ಬಿಟ್ಟು ಜಾಲರಿಯ ಉಳಿದ ಭಾಗವನ್ನು ಮುಚ್ಚುವ ಲೇಪ, ಅಂದರೆ ಎಮಲ್ಷನ್, ಮಾತ್ರ ನೀರಿಗೆ ಜಗ್ಗದಂಥದ್ದಾಗಿರಬೇಕು. ತೊಂದರೆ ಎಂದರೆ, ಬೇಸಿಗೆಯಲ್ಲಿ ಶಾಯಿ ಎಳೆಯುವ ರಬ್ಬರ್ ಪಟ್ಟಿಯನ್ನು (ಸ್ಕ್ವೀಜಿ) ಕೆಳಗಿಟ್ಟು ಬರುವಷ್ಟರಲ್ಲಿ ಪೇಸ್ಟ್ ಜಾಲರಿಯಲ್ಲೇ ಒಣಗುತ್ತದೆ. ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಸಣ್ಣ ಕಿಂಡಿಗಳು. ಮೊದಲ ಕೋಟ್ ಒಣಗಿಸಿ ಎರಡನೆಯದನ್ನು ಎಳೆದರೆ ಬಿಳುಪೇನೋ ಬರುತ್ತದೆ, ಆದರೆ ಎದೆಯ ಭಾಗ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ಒಗೆಯುತ್ತಾ ಹೋದಂತೆ ಮೂರರಲ್ಲಿ ಮೊದಲು ಗೆರೆಗೆರೆಯಾಗಿ ಬಿರುಕು ಬಿಟ್ಟದ್ದೂ ಇದೇ.

ಪ್ಲಾಸ್ಟಿಸಾಲ್‌ನ ಸ್ವಭಾವವೇ ಬೇರೆ. ಪಿವಿಸಿ ಕಣಗಳನ್ನು ಪ್ಲಾಸ್ಟಿಸೈಜರ್ ದ್ರವದಲ್ಲಿ ತೇಲಿಸಿಟ್ಟ ಶಾಯಿ ಇದು. ಇದರಲ್ಲಿ ಆರುವ ನೀರಿಲ್ಲವಾದ್ದರಿಂದ ಗಾಳಿಗೆ ಒಣಗುವುದಿಲ್ಲ. ಊಟ ಮುಗಿಸಿ ಬಂದು ಅದೇ ಸ್ಕ್ರೀನ್‌ನಲ್ಲಿ ಕೆಲಸ ಮುಂದುವರಿಸಬಹುದು. ಬಿಳುಪಿನಲ್ಲಿ ಇದನ್ನು ಮೀರಿಸಿದ್ದಿಲ್ಲ. ಕ್ರಮ ಇಷ್ಟು: ಒಂದು ಕೋಟ್ ಎಳೆದು, ಕೈಗೆ ಅಂಟದಷ್ಟು ಮಾತ್ರ ಫ್ಲಾಷ್ ಮಾಡಿ (ಕೆಲವೇ ಕ್ಷಣ ಬಿಸಿ ತಾಗಿಸಿ), ಮೇಲೆ ಎರಡನೆಯ ಕೋಟ್. ಫ್ಲಾಷ್ ಅತಿಯಾದರೆ ಎರಡನೆಯ ಪದರ ಮೊದಲನೆಯದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಂದೇ ಏಟಿಗೆ ಬಿಳಿಯಾಗಲಿ ಎಂದು ಒದ್ದೆಯ ಮೇಲೆ ಸ್ಕ್ವೀಜಿಯನ್ನು ನಾಲ್ಕಾರು ಬಾರಿ ಎಳೆಯುವವರಿದ್ದಾರೆ. ಅದರಿಂದ ಶಾಯಿ ನೂಲಿನೊಳಕ್ಕೆ ಇಳಿಯುತ್ತದೆಯೇ ಹೊರತು ಮೇಲೆ ನಿಲ್ಲುವುದಿಲ್ಲ. ಸೆಂಟಿಮೀಟರಿಗೆ 43 ಎಳೆಯ ಜಾಲರಿಯಲ್ಲಿ ಶಾಯಿ ಧಾರಾಳವಾಗಿ ಇಳಿದರೂ ಸಣ್ಣ ಅಕ್ಷರದ ಅಂಚು ಗರಗಸದಂತೆ ಬಂತು. ಸುಮಾರು 61 ಎಳೆಯದಕ್ಕೆ ಬದಲಾಯಿಸಿದ ಮೇಲೆ ಒತ್ತುಗಳು ಬಿಡಿಸಿಕೊಂಡವು.

ಇಲ್ಲಿ ಕ್ಯೂರಿಂಗ್, ಅಂದರೆ ಶಾಯಿಯನ್ನು ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುವ, ವಿಷಯದಲ್ಲಿ ರಾಜಿ ಸಲ್ಲದು. ಸಾಮಾನ್ಯ ಪ್ಲಾಸ್ಟಿಸಾಲ್‌ನ ಪೂರ್ತಿ ಪದರ, ಅಡಿಯವರೆಗೂ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ತಣ್ಣಗಾದ ಮೇಲೆ ಬಟ್ಟೆಯನ್ನು ಎಳೆದು ನೋಡಿ. ಶಾಯಿ ಸೀಳಿದರೆ ಅದು ಬೆಂದಿಲ್ಲ. ಗ್ರಾಹಕರಿಗೆ ಹೇಳಲೇಬೇಕಾದ ಮಾತೂ ಒಂದಿದೆ: ಮುದ್ರಣದ ಮೇಲೆ ನೇರವಾಗಿ ಇಸ್ತ್ರಿ ಮಾಡಬಾರದು, ಕರಗುತ್ತದೆ. ಎದೆತುಂಬ ದೊಡ್ಡ ಚಿತ್ರವಿದ್ದರೆ ಆ ಜಾಗದಲ್ಲಿ ಗಾಳಿಯಾಡದೆ ಸೆಕೆ ಎನಿಸುವುದೂ ನಿಜ.

ನನ್ನ ಮನಸ್ಸು ಗೆದ್ದದ್ದು ಡಿಸ್ಚಾರ್ಜ್. ಇದರ ಕೆಲಸ ಬಣ್ಣ ಹಚ್ಚುವುದಲ್ಲ, ತೆಗೆಯುವುದು. ಬಣ್ಣ ಕಳೆಯುವ ಜಿಂಕ್ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟ್ ಪುಡಿಯನ್ನು ಆಗಷ್ಟೇ ಬೆರೆಸಿದ ಪೇಸ್ಟ್ ಒದ್ದೆಯಾಗಿರುವಾಗಲೇ ಶಾಖ ಕೊಟ್ಟರೆ, ಬಟ್ಟೆಯ ಕಪ್ಪು ಕಣ್ಣೆದುರೇ ಕಳಚುತ್ತದೆ. ಜೊತೆಯಲ್ಲಿದ್ದ ಬಿಳಿ ಅಲ್ಲಿ ನಿಲ್ಲುತ್ತದೆ. ಒಗೆದ ಮೇಲೆ ಕೈಯಾಡಿಸಿದರೆ ಮುದ್ರಣವಿದೆ ಎಂದೇ ಗೊತ್ತಾಗುವುದಿಲ್ಲ. ಬಿರುಕು ಬಿಡಲು ಮೇಲೆ ದಪ್ಪ ಪದರವೇ ಇಲ್ಲ. ಸಣ್ಣ ಒತ್ತಕ್ಷರಗಳು ಅತಿ ಚೊಕ್ಕವಾಗಿ ಬಂದದ್ದೂ ಇದರಲ್ಲೇ. ಬಿಳುಪು ಮಾತ್ರ ಪ್ಲಾಸ್ಟಿಸಾಲ್‌ನಷ್ಟು ಪ್ರಖರವಲ್ಲ, ಕೊಂಚ ಕೆನೆಬಣ್ಣ.

ಇದರ ಕಟ್ಟುಪಾಡುಗಳೂ ಹೆಚ್ಚು. ಬೆರೆಸಿದ ಪೇಸ್ಟ್ ಕೆಲವೇ ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಶಾಖ ಕೊಡುವಾಗ ಫಾರ್ಮಾಲ್ಡಿಹೈಡ್ ಏಳುವುದರಿಂದ ಕಿಟಕಿ ತೆರೆದರಷ್ಟೇ ಸಾಲದು, ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಬೇಕೇ ಬೇಕು. ಮುಚ್ಚಿದ ಕೋಣೆಯಲ್ಲಿ ಇದನ್ನು ಹುಡುಗರ ಕೈಯಲ್ಲಿ ಮಾಡಿಸುವುದು ತಪ್ಪು. ಟೀಶರ್ಟನ್ನು ಒಗೆದೇ ತೊಡಬೇಕು. ಎಲ್ಲ ಕಪ್ಪೂ ಕಳಚುವುದಿಲ್ಲ. ಹತ್ತಿಗೆ ಹಾಕಿದ ಕೆಲವು ಬಣ್ಣಗಳು ಕಂದು ಬಣ್ಣಕ್ಕೆ ತಿರುಗಿ ನಿಂತುಬಿಡುತ್ತವೆ. ಹೊಸ ಲಾಟ್ ಬಂದಾಗಲೆಲ್ಲ ಒಂದು ಅಂಗಿಯ ಒಳಮಡಿಕೆಯಲ್ಲಿ ಚಿಕ್ಕ ತುಣುಕು ಮುದ್ರಿಸಿ ನೋಡದೆ ನಾನು ಆರ್ಡರ್ ಒಪ್ಪುವುದಿಲ್ಲ.

ದಿನನಿತ್ಯ ತೊಡುವ ಹತ್ತಿ ಟೀಶರ್ಟ್‌ನಲ್ಲಿ ಕನ್ನಡದ ಸಾಲುಗಳಿದ್ದರೆ ಡಿಸ್ಚಾರ್ಜನ್ನೇ ಆರಿಸುತ್ತೇನೆ. ದೂರದಿಂದ ಎದ್ದು ಕಾಣಬೇಕಾದ ಕಾಲೇಜು ತಂಡಗಳ ಹೆಸರು, ಲಾಂಛನಗಳಿಗೆ ಪ್ಲಾಸ್ಟಿಸಾಲ್. ಖಾದಿಯನ್ನು ಬಟ್ಟೆ ಚೀಲಗಳಿಗಷ್ಟೇ ಉಳಿಸಿಕೊಂಡಿದ್ದೇನೆ.

ಪಾಲಿಯೆಸ್ಟರ್ ಜೆರ್ಸಿ ತಂದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಎಂಬ ಬಗೆಯ ಬಣ್ಣ ಡಿಸ್ಚಾರ್ಜ್‌ಗೆ ಬಗ್ಗದು. ಬಿಸಿಗೆ ಆವಿಯಾಗಿ ಮೇಲಿನ ಬಿಳಿಗೆ ಹತ್ತುತ್ತದೆ. ಕೆಂಪು ಜೆರ್ಸಿಯ ಮೇಲಿನ ಬಿಳಿ ನಂಬರ್ ಒಂದೆರಡು ದಿನ ಕಳೆದ ಮೇಲೂ ಗುಲಾಬಿಯಾಗಬಹುದು. ಅಂಥವಕ್ಕೆ ಬಣ್ಣ ತಡೆಯುವ ಬೂದು ತಳಕೋಟ್ ಹಾಕಿ, ಸುಮಾರು 130 ಡಿಗ್ರಿಯಲ್ಲೇ ಬೇಯುವ ಪ್ಲಾಸ್ಟಿಸಾಲ್ ಎಳೆಯುತ್ತೇನೆ. ಮಾದರಿಯನ್ನು ಒಪ್ಪಿಗೆಗೆ ಕಳಿಸುವ ಮೊದಲು ಕೆಲವು ದಿನ ಹಾಗೇ ತೂಗುಹಾಕಿ ಬಿಳಿ ಬಿಳಿಯಾಗಿಯೇ ಇದೆಯೇ ಎಂದು ನೋಡುತ್ತೇನೆ.