ತೋಟ, ಹೋಂಸ್ಟೇ, ಮನೆ: ಮೂರಕ್ಕೂ ಬಿಟ್‌ವಾರ್ಡನ್ ಸಾಕೇ?

ಕೊಡಗಿನಲ್ಲಿ ಸಣ್ಣದೊಂದು ಕಾಫಿ ತೋಟ, ಪಕ್ಕದಲ್ಲೇ ಹೋಂಸ್ಟೇ ಇದ್ದವರ ಲಾಗಿನ್ ಪಟ್ಟಿ ದೊಡ್ಡದು. ಎರಡು ಮೂರು ಬುಕಿಂಗ್ ಸೈಟು, ಜಿಎಸ್‌ಟಿ, ಇ-ವೇ ಬಿಲ್, ಕರೆಂಟ್ ಬಿಲ್ಲಿಗೆ ಸೆಸ್ಕ್, ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಬ್ಯಾಂಕು, ಇಮೇಲು, ಮಕ್ಕಳ ಕಾಲೇಜು ಫೀಸು. ಎಲ್ಲದಕ್ಕೂ ಎಸ್ಟೇಟಿನ ಹೆಸರು, ಅದರ ಹಿಂದೆ 123. ಅರ್ಧ ಪಾಸ್‌ವರ್ಡ್ ಗೇಟಿನ ಬೋರ್ಡಿನಲ್ಲೇ ಇದ್ದಂತಾಯಿತು. ಇನ್ನರ್ಧ ತೋಟದ ಲೆಕ್ಕ ನೋಡುವ ರೈಟರ್‌ಗೂ ಗೊತ್ತು, ಹಳೇ ರೈಟರ್‌ಗೂ ಗೊತ್ತು.

ಇದಕ್ಕೆ ಬಿಟ್‌ವಾರ್ಡನ್‌ನ ಉಚಿತ ಆವೃತ್ತಿ ಸಾಕು. ಎಲ್ಲ ಪಾಸ್‌ವರ್ಡನ್ನೂ ಒಂದೇ ಕಡೆ ಇಟ್ಟು, ಒಂದೇ ಮಾಸ್ಟರ್ ಪಾಸ್‌ವರ್ಡಿನಿಂದ ಬೀಗ ಹಾಕುವ ಆ್ಯಪ್ ಇದು. ಎಷ್ಟು ಪಾಸ್‌ವರ್ಡ್ ಇಟ್ಟರೂ, ಎಷ್ಟು ಫೋನು, ಕಂಪ್ಯೂಟರಿನಲ್ಲಿ ತೆರೆದರೂ ಮಿತಿಯಿಲ್ಲ. 2016ರಿಂದ ಇರುವ, ಸೋರ್ಸ್ ಕೋಡ್ ತೆರೆದಿಟ್ಟ ತಂತ್ರಾಂಶ. ವಾಲ್ಟ್, ಅಂದರೆ ಪಾಸ್‌ವರ್ಡ್‌ಗಳ ಪೆಟ್ಟಿಗೆ, ನಿಮ್ಮ ಫೋನಿನಲ್ಲೇ ಎನ್‌ಕ್ರಿಪ್ಟ್ ಆಗಿ (ಬೇರೆಯವರು ಓದಲಾಗದ ಗುಪ್ತರೂಪಕ್ಕೆ ತಿರುಗಿ) ಸರ್ವರ್‌ಗೆ ಹೋಗುತ್ತದೆ, ಸೈಟಿನ ವಿಳಾಸವೂ ಸೇರಿ. 2022ರಲ್ಲಿ ಇಂಥದ್ದೇ ಇನ್ನೊಂದು ತಂತ್ರಾಂಶವಾದ ಲಾಸ್ಟ್‌ಪಾಸ್‌ನ ಬ್ಯಾಕಪ್ ಕಳುವಾದಾಗ ವಿಳಾಸಗಳು ಎನ್‌ಕ್ರಿಪ್ಟ್ ಆಗಿರಲಿಲ್ಲ. ಯಾರಿಗೆ ಯಾವ ಬ್ಯಾಂಕಿನಲ್ಲಿ ಖಾತೆ ಎಂಬುದು ಕದ್ದವರಿಗೆ ಹಾಗೇ ಓದಸಿಕ್ಕಿತು.

ಆದರೆ ಒಂದು ಸೆಟ್ಟಿಂಗ್ ನೋಡಿಕೊಳ್ಳದಿದ್ದರೆ ಜುಲೈ-ಆಗಸ್ಟಿನ ಕಕ್ಕಡದ ಮಳೆಗೆ ಇದು ಕೈಕೊಡಬಹುದು. ಮರ ಬಿದ್ದು ಲೈನ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದು ನೆಟ್ ಇಲ್ಲದ ದಿನ ಆ್ಯಪ್ ತೆರೆಯಬೇಕಾದರೆ ಅದು ‘ಲಾಕ್’ ಆಗಿರಬೇಕು, ‘ಲಾಗ್‌ಔಟ್’ ಆಗಿರಬಾರದು. ಲಾಕ್ ಆದಾಗ ವಾಲ್ಟಿನ ಪ್ರತಿ ಫೋನಿನಲ್ಲೇ ಉಳಿಯುತ್ತದೆ, ಮಾಸ್ಟರ್ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೊಟ್ಟರೆ ತೆರೆಯುತ್ತದೆ. ಲಾಗ್‌ಔಟ್ ಆದರೆ ಮತ್ತೆ ಒಳಹೋಗಲು ಸರ್ವರ್ ಬೇಕೇ ಬೇಕು. ಸೆಟ್ಟಿಂಗ್ಸ್, ಅಕೌಂಟ್ ಸೆಕ್ಯುರಿಟಿ, ಅಲ್ಲಿ ಟೈಮ್‌ಔಟ್ ಆಕ್ಷನ್, ಅಂದರೆ ಸ್ವಲ್ಪ ಹೊತ್ತು ಬಳಸದಿದ್ದರೆ ಆ್ಯಪ್ ಏನು ಮಾಡಬೇಕೆಂಬ ಆಯ್ಕೆ. ಅದು ‘ಲಾಕ್’ ಇದೆಯೇ ನೋಡಿ. ಪ್ರತಿ ಸಾಧನದಲ್ಲೂ ಬೇರೆಬೇರೆಯಾಗಿ ನೋಡಬೇಕು. ನೆಟ್ ಇಲ್ಲದಾಗ ಓದಬಹುದೇ ಹೊರತು ಹೊಸದನ್ನು ಸೇರಿಸಲಾಗದು. ನಮ್ಮ ಕಡೆಗೆ ಇದು ದೊಡ್ಡ ಕೊರತೆಯೇ.

ಪಾಸ್‌ವರ್ಡ್ ಬಳಿಕ ಕೇಳುವ ಎರಡನೇ ಹಂತದ ಕೋಡ್‌ಗೂ ಇದೇ ಲೆಕ್ಕ. ಎಸ್ಸೆಮ್ಮೆಸ್ ಒಟಿಪಿ ಸಿಗ್ನಲ್ ಇದ್ದರಷ್ಟೇ ಬರುತ್ತದೆ. ಅಥೆಂಟಿಕೇಟರ್ ಆ್ಯಪ್‌ನ ಆರಂಕಿ ಕೋಡ್‌ಗೆ ನೆಟ್ಟೂ ಬೇಡ, ಸಿಮ್ಮೂ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಅವಕಾಶ ಕೊಡುವ ಸೈಟುಗಳಲ್ಲೆಲ್ಲ ಅದನ್ನೇ ಹಾಕಿ. ಬಿಟ್‌ವಾರ್ಡನ್ ಖಾತೆಗೂ ಅದೇ ಇರಲಿ. ಹಾಕದೆ ಬಿಟ್ಟರೆ ಹೊಸ ಫೋನಿನಲ್ಲಿ ಲಾಗಿನ್ ಆಗುವಾಗ ಇಮೇಲಿಗೆ ಕೋಡ್ ಕಳಿಸುತ್ತದೆ, ಆ ಇಮೇಲಿನ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ ಒಳಗೆ. ಹಳೇ ಫೋನ್ ಹೊಳೆ ಪಾಲಾದ ದಿನ ಎರಡೂ ಬಾಗಿಲು ಒಟ್ಟಿಗೆ ಮುಚ್ಚುತ್ತವೆ.

ಆದ್ದರಿಂದ ಮೂರು ವಿಷಯ ಕಾಗದದಲ್ಲಿರಬೇಕು: ಮಾಸ್ಟರ್ ಪಾಸ್‌ವರ್ಡ್, ಬಿಟ್‌ವಾರ್ಡನ್ ಕೊಡುವ ರಿಕವರಿ ಕೋಡ್ (ಎರಡನೇ ಹಂತದ ಕೋಡ್ ಸಿಗದಾಗ ಬಳಸುವಂಥದ್ದು), ಇಮೇಲಿನ ಪಾಸ್‌ವರ್ಡ್. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋದ್ರೇಜ್ ಬೀರುವಿನ ಲಾಕರಿನಲ್ಲಿಡಿ. ಮಳೆಗಾಲದ ಥಂಡಿಗೆ ಇಂಕ್‌ಜೆಟ್ ಪ್ರಿಂಟ್ ಹರಡಿಕೊಳ್ಳುತ್ತದೆ, ಬಾಲ್‌ಪೆನ್ ವಾಸಿ. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯೂ ತೆಗೆದುಕೊಡಲಾರದು.

ಆ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸಾಕು. ಮನೆಹೆಸರು, ಐನ್‌ಮನೆಯ (ಕುಟುಂಬದ ಮೂಲಮನೆಯ) ಊರು, ನಾಯಿಯ ಹೆಸರು ಬೇಡ. ಅವೆಲ್ಲ ಮದುವೆ ಕಾಗದದಲ್ಲೂ ಫೇಸ್‌ಬುಕ್ಕಿನಲ್ಲೂ ಸಿಗುತ್ತವೆ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಒಳ್ಳೆಯ ಉಪಾಯ, ಆದರೆ ‘ಗರಗಸ’ಕ್ಕೆ ಎಷ್ಟು ‘ಎ’ ಎಂದು ಮೊದಲೇ ನಿರ್ಧರಿಸಿ, ಹಾಗೆಯೇ ಕಾಗದಕ್ಕೆ ಇಳಿಸಿ. ಕನ್ನಡ ಲಿಪಿಯಲ್ಲೇ ಹಾಕಲು ಹೋಗಬೇಡಿ: ಕಣ್ಣಿಗೆ ಒಂದೇ ಥರ ಕಂಡರೂ ಕೀಬೋರ್ಡ್ ಬದಲಾದರೆ ಒಳಗಿನ ಕೋಡ್ ಬದಲಾಗಬಹುದು.

ಕ್ರೋಮ್‌ನಲ್ಲಿ ಉಳಿಸಿದ್ದನ್ನು ತರುವುದು ಸುಲಭ. ಎಕ್ಸ್‌ಪೋರ್ಟ್ ಮಾಡಿ, ಬರುವ ಸಿಎಸ್‌ವಿ ಫೈಲನ್ನು ಬಿಟ್‌ವಾರ್ಡನ್‌ಗೆ ಇಂಪೋರ್ಟ್ ಮಾಡಿದರಾಯಿತು. ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡೂ ಬಯಲಲ್ಲೇ ಇರುತ್ತವೆ. ಕೂಡಲೇ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಕ್ರೋಮ್‌ನಲ್ಲಿ ಉಳಿದದ್ದನ್ನೂ ತೆಗೆಯಿರಿ. ಆಂಡ್ರಾಯ್ಡ್‌ನಲ್ಲಿ ಪಾಸ್‌ವರ್ಡ್ ತಾನಾಗಿ ತುಂಬುವ ಆಟೋಫಿಲ್ ಸೇವೆಯಾಗಿ ಬಿಟ್‌ವಾರ್ಡನ್ ಆರಿಸಿದರಷ್ಟೇ ಸಾಲದು. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಬೇರೆ ಸೇವೆಯಿಂದ ಆಟೋಫಿಲ್ ಎಂಬುದನ್ನೂ ಆನ್ ಮಾಡಬೇಕು. ‘ಆಟೋಫಿಲ್ ಬರ್ತಾನೇ ಇಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಇಲ್ಲೇ.

ರಾಜ್ಯ ಸರ್ಕಾರದ ಸೈಟುಗಳಲ್ಲಿ ಇನ್ನೊಂದು ಗೊಂದಲ. ಭೂಮಿ, ಕಾವೇರಿ, ಸೇವಾ ಸಿಂಧು ಮೂರೂ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಅಡಿಯವೇ. ಬಿಟ್‌ವಾರ್ಡನ್ ಮೂಲ ಡೊಮೇನ್ ನೋಡಿ ಹೊಂದಿಸುವುದರಿಂದ ಒಂದು ಸೈಟಿಗೆ ಹೋದರೆ ಮೂರರ ಲಾಗಿನ್ನೂ ಎದುರು ಬಂದು ನಿಲ್ಲುತ್ತವೆ. ಆಯಾ ಎಂಟ್ರಿ ತೆರೆದು ಮ್ಯಾಚ್ ಡಿಟೆಕ್ಷನ್ ಅನ್ನು ‘ಹೋಸ್ಟ್’ (ಸೈಟಿನ ಪೂರ್ತಿ ಹೆಸರನ್ನೇ ಹೊಂದಿಸುವ ಬಗೆ) ಮಾಡಿದರೆ ಸರಿಹೋಗುತ್ತದೆ. ಪಾಸ್‌ವರ್ಡಿನ ಉದ್ದಕ್ಕೂ ಗಮನವಿರಲಿ: ಸಾಮಾನ್ಯವಾಗಿ 20 ಅಕ್ಷರ ಇಟ್ಟುಕೊಳ್ಳಬಹುದು, ಜಿಎಸ್‌ಟಿಗೆ 15 ದಾಟುವಂತಿಲ್ಲ. ಪೇಸ್ಟ್ ಮಾಡಲು ಬಿಡದ ಬ್ಯಾಂಕ್ ಪುಟಗಳಿಗೆ ಕೈಯಲ್ಲೇ ಹೊಡೆಯಬೇಕು, ಅಲ್ಲಿಗೆ ಓ-ಸೊನ್ನೆ ಗೊಂದಲವಾಗದ ಅಕ್ಷರಗಳನ್ನು ಆರಿಸಿಕೊಳ್ಳಿ. ಆ್ಯಪ್ ಕನ್ನಡದಲ್ಲೂ ಇದೆ, ಆದರೆ ಅನುವಾದ ಅರ್ಧಂಬರ್ಧ. ಇಂಗ್ಲಿಷಿನಲ್ಲೇ ಇಟ್ಟುಕೊಂಡರೆ ಕಿರಿಕಿರಿ ಕಡಿಮೆ.

ಹಂಚಿಕೊಳ್ಳುವ ವಿಚಾರದಲ್ಲಿ ಉಚಿತ ಆವೃತ್ತಿ ಕೈ ಬಿಗಿಹಿಡಿಯುತ್ತದೆ. ಒಂದು ಆರ್ಗನೈಸೇಷನ್ (ಹಂಚಿಕೊಳ್ಳುವವರ ಗುಂಪು), ಅದರಲ್ಲಿ ಇಬ್ಬರೇ ಜನ, ಎರಡೇ ಕಲೆಕ್ಷನ್ (ಹಂಚಿದ ಪಾಸ್‌ವರ್ಡ್‌ಗಳ ಕಟ್ಟು). ಯಜಮಾನರು, ರೈಟರ್; ‘ತೋಟ’, ‘ಹೋಂಸ್ಟೇ’. ಸಣ್ಣ ವ್ಯವಹಾರಕ್ಕೆ ಇಷ್ಟು ನಡೆಯುತ್ತದೆ, ಮೂರನೆಯವರು ಬಂದರೆ ದುಡ್ಡು ಕೊಡಬೇಕು. ಕಲೆಕ್ಷನ್‌ಗೆ ಹಾಕಿದ್ದು ಆರ್ಗನೈಸೇಷನ್‌ನ ಸ್ವತ್ತು, ಬ್ಯಾಂಕನ್ನು ಅಲ್ಲಿಗೆ ತರಬೇಡಿ. ಪಾಸ್‌ವರ್ಡ್ ಮರೆಮಾಡಿ ಕೊಡುವ ಸೌಲಭ್ಯ ಇದ್ದರೂ ಅದನ್ನು ನಂಬಿ ಕೂರುವಂತಿಲ್ಲ: ಲಾಗಿನ್ ಪುಟದಲ್ಲಿ ತುಂಬಿದ ಪಾಸ್‌ವರ್ಡನ್ನು ತಿಳಿದವರು ಓದಿಕೊಳ್ಳುತ್ತಾರೆ. ಕೆಲಸ ಬಿಟ್ಟವರನ್ನು ಆರ್ಗನೈಸೇಷನ್‌ನಿಂದ ತೆಗೆದು, ಅವರು ನೋಡಿದ್ದೆಲ್ಲದರ ಪಾಸ್‌ವರ್ಡ್ ಅದೇ ದಿನ ಬದಲಿಸಬೇಕು. ಮೊದಲು ಬುಕಿಂಗ್ ಸೈಟುಗಳು, ಏಕೆಂದರೆ ದುಡ್ಡು ಜಮೆಯಾಗುವ ಖಾತೆಯ ವಿವರ ಬದಲಿಸುವ ಜಾಗ ಅಲ್ಲೇ ಇರುತ್ತದೆ.

ಬ್ಯಾಕಪ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಎನ್‌ಕ್ರಿಪ್ಟೆಡ್ ಜೆಸನ್ ಎಂಬ ಫೈಲ್ ಬಗೆ ಆರಿಸಿ, ಅದರಲ್ಲೂ ಪಾಸ್‌ವರ್ಡ್ ರಕ್ಷಿತ ಎಂಬುದನ್ನೇ ಒತ್ತಿ. ಖಾತೆಗೆ ಸೀಮಿತವಾದ ಇನ್ನೊಂದು ಬಗೆ ಬೇರೆ ಖಾತೆಯಲ್ಲಿ ತೆರೆಯುವುದಿಲ್ಲ. ಖಾತೆಯೇ ಹೋದರೆ ಫೈಲೂ ಹೋದಂತೆ. ವೈಯಕ್ತಿಕ ವಾಲ್ಟಿನ ಬ್ಯಾಕಪ್‌ನಲ್ಲಿ ಕಲೆಕ್ಷನ್‌ನ ಎಂಟ್ರಿಗಳು ಸೇರಿರುವುದಿಲ್ಲ, ಅವನ್ನು ಆರ್ಗನೈಸೇಷನ್‌ನಿಂದ ಬೇರೆಯಾಗಿಯೇ ತೆಗೆಯಬೇಕು.